ಸೆರೆಮನೆಯಲ್ಲಿ ಗೆದ್ದ ಕಾಳು

ಪ್ರಳಯವೆಂದರೆ ಲೋಕ ನಡುಗುತ್ತದೆ. ಕವಿ ಒಮ್ಮೊಮ್ಮೆ ನಗುತ್ತಾನೆ. 1990ರಲ್ಲಿ ಇಂಗ್ಲೆಂಡಿನ ಟೆರಿ ಪ್ರ್ಯಾಚೆಟ್, ನೀಲ್ ಗೇಮನ್ ಕೂಡಿ ಬರೆದ ‘ಗುಡ್ ಓಮೆನ್ಸ್’ ಎಂಬ ವಿನೋದ ಕಾದಂಬರಿಯಲ್ಲಿ ದೇವದೂತನೊಬ್ಬನೂ ಪಿಶಾಚಿಯೊಬ್ಬನೂ ಜೊತೆಗೂಡಿ ಲೋಕಾಂತ್ಯವನ್ನು ತಡೆಯಹೊರಡುತ್ತಾರೆ. ಪ್ರಳಯವನ್ನು ಹೊತ್ತು ತರುವ ನಾಲ್ವರು ಸವಾರರಲ್ಲಿ ಬರಗಾಲವೂ ಒಬ್ಬ. ಅದನ್ನೋದಿದಾಗ ನನಗೆ ನೆನಪಾದುದು, ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರ ‘ರಾಮಧಾನ್ಯ ಚರಿತೆ’.

16ನೆಯ ಶತಮಾನದ ಈ ಪುಟ್ಟ ಷಟ್ಪದಿ ಕಾವ್ಯ, ಕೇಡಿನೊಡನೆ ನಡೆದ ಮಹಾಯುದ್ಧ ಮುಗಿದ ಮೇಲೆ ಮೊದಲಾಗುತ್ತದೆ. ಲಂಕೆಯಿಂದ ಮರಳುವ ರಾಮ ಮುನಿಯೊಬ್ಬರ ಆಶ್ರಮದಲ್ಲಿ ತಂಗುತ್ತಾನೆ. ಧಾನ್ಯಗಳಲ್ಲಿ ಯಾವುದು ಶ್ರೇಷ್ಠವೆಂಬ ಮಾತು ಬರುತ್ತದೆ. ಗೌತಮರು ನರೆದಲೆಗವನ್ನು, ಎಂದರೆ ರಾಗಿಯನ್ನು, ಎತ್ತಿ ಹಿಡಿಯುತ್ತಾರೆ. ಭತ್ತಕ್ಕೆ ಸಿಟ್ಟು ನೆತ್ತಿಗೇರುತ್ತದೆ. ತುಂಬಿದ ಸಭೆಯಲ್ಲಿ ಎರಡು ಕಾಳುಗಳೂ ಸಂತೆಯ ಜಗಳಗಂಟರಂತೆ ಬೈದಾಡುತ್ತವೆ! ಮಂತ್ರಾಕ್ಷತೆಗೆ ಬೇಕಾದವನು ತಾನೆಂದು, ಉತ್ತಮರ ಊಟ ತಾನೆಂದು ಭತ್ತದ ಬಡಾಯಿ. ಸಿರಿವಂತರ ಮುಖ ನೋಡುವ ನೀನು ಮಳೆ ಹೋದಾಗ ಎಲ್ಲಿರುವೆ, ಆಗ ಜನವನ್ನು ಕಾಯುವವನು ನಾನಲ್ಲವೇ ಎಂದು ರಾಗಿಯ ಮರುನುಡಿ.

ರಾಮ ಮಾತಿನ ಮೇಲೆ ತೀರ್ಪು ಕೊಡುವುದಿಲ್ಲ. ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರತೆಗೆದಾಗ ಭತ್ತ ಕಂದಿದೆ. ರಾಗಿ ಇದ್ದಂತೆಯೇ ಇದೆ. ರಾಘವನ ಹೆಸರೇ ಅದಕ್ಕೆ ಬಿರುದಾಗುತ್ತದೆ.

ಇದು ಬರಿಯ ಕವಿಕಲ್ಪನೆಯಲ್ಲ. ಹುಳ ಹಿಡಿಯದೆ ವರುಷಗಟ್ಟಲೆ ಉಳಿಯುವುದು ರಾಗಿಯ ನಿಜವಾದ ಗುಣ. ಇನ್ನು ಈ ಸೀಮೆಯ ನೆಲವನ್ನೇ ನೋಡಿರಿ. ಹಾನಗಲ್ಲಿನ ಕಡೆ ಮಲೆನಾಡಿನ ಸೆರಗು, ಕೆರೆಯ ನೀರು, ಭತ್ತದ ಗದ್ದೆ. ಸವಣೂರಿನ ಕಡೆ ಎರೆಭೂಮಿ, ಮಳೆಯನ್ನೇ ನಂಬಿದ ಜೋಳ. ಹಿರೇಕೆರೂರಿನ ಹೊಲಗಳನ್ನು ಈಗ ಗೋವಿನಜೋಳ ತುಂಬಿದೆ. ನೀರುಂಡ ಕಾಳಿಗೂ ನೀರಿಗಾಗಿ ಮುಗಿಲು ನೋಡುವ ಕಾಳಿಗೂ ಇರುವ ಅಂತರ ಇಲ್ಲಿಯ ರೈತನಿಗೆ ಹೇಳಿಕೊಡಬೇಕಾಗಿಲ್ಲ. 1997ರವರೆಗೆ ಈ ನಾಲ್ಕೂ ತಾಲೂಕುಗಳಿದ್ದ ಧಾರವಾಡ ಜಿಲ್ಲೆ 1876-78ರ ಘೋರ ಬರವನ್ನು ಕಂಡಿತು. ಅಂಥ ದಿನಗಳಲ್ಲಿ ಹಗೇವಿನೊಳಗೆ ಉಳಿದ ಕಾಳೇ ಪ್ರಾಣ. ಅದರ ಬಣ್ಣ, ಕುಲ ಕೇಳುವವರು ಯಾರು?

ಕುರುಬರ ಮನೆಯಲ್ಲಿ ಹುಟ್ಟಿದ ಕನಕದಾಸರು ಕುಲದ ಹಿರಿಮೆಯ ಮಾತನ್ನು ಸಾಕಷ್ಟು ಕೇಳಿದ್ದವರು. ಆದರೂ ಅವರ ಕಾವ್ಯದಲ್ಲಿ ಸೋತ ಭತ್ತ ನಾಶವಾಗುವುದಿಲ್ಲ. ರಾಮ ಅದನ್ನೂ ಸಂತೈಸುತ್ತಾನೆ. ಕೇಡೆಂದರೆ ಭತ್ತವಲ್ಲ, ಅದರ ಗರ್ವ. ಆ ಗರ್ವವನ್ನು ಮುರಿಯಲು ಕನಕದಾಸರಿಗೆ ಪ್ರಳಯ ಬೇಕಾಗಲಿಲ್ಲ. ಆರು ತಿಂಗಳ ಕತ್ತಲೆ ಸಾಕಾಯಿತು.