ಸತ್ತ ಮೊಲಕ್ಕೆ ಚಿತ್ರ ತೋರಿಸಿದವನು

ಕೆಲವು ವರ್ಷಗಳ ಹಿಂದೆ, ಬಸವೇಶ್ವರನಗರದ ನಮ್ಮ ಮನೆಗೆ ಆಗಾಗ ಬರುತ್ತಿದ್ದ ಚಿತ್ರಕಲೆಯ ವಿದ್ಯಾರ್ಥಿಯೊಬ್ಬ ನನ್ನ ಮುಂದೆ ಒಂದು ಛಾಯಾಚಿತ್ರವನ್ನಿಟ್ಟ. ಅದರಲ್ಲಿ ನಡುವಯಸ್ಸಿನ ಮನುಷ್ಯನೊಬ್ಬ ತಲೆಗೂ ಮುಖಕ್ಕೂ ಜೇನುತುಪ್ಪ ಬಳಿದುಕೊಂಡು, ಅದರ ಮೇಲೆ ಚಿನ್ನದ ರೇಕು ಅಂಟಿಸಿಕೊಂಡು, ಸತ್ತ ಮೊಲವೊಂದನ್ನು ಎಳೆಯ ಮಗುವಿನಂತೆ ತೋಳಿನಲ್ಲಿ ಎತ್ತಿಕೊಂಡು ಕುಳಿತಿದ್ದ. "ಸಾರ್, ಇವನು ಮೊಲಕ್ಕೆ ಚಿತ್ರಗಳನ್ನು ವಿವರಿಸುತ್ತಿದ್ದಾನೆ" ಎಂದ ಹುಡುಗ. ಪಂಪ, ಕುಮಾರವ್ಯಾಸರನ್ನು ಪಾಠ ಹೇಳುತ್ತ ಆಯುಷ್ಯ ಕಳೆದ ನಾನು ನಕ್ಕುಬಿಟ್ಟೆ. ಆ ನಗೆಗೆ ಪ್ರಾಯಶ್ಚಿತ್ತವೆಂಬಂತೆ ಇಂದಿನ ಈ ನಾಲ್ಕು ಮಾತು.

ಆತನ ಹೆಸರು ಯೋಸೆಫ್ ಬಾಯ್ಸ್. 1921ರಲ್ಲಿ ಜರ್ಮನಿಯ ಕ್ರೇಫೆಲ್ಡ್‌ನಲ್ಲಿ ಹುಟ್ಟಿ, ಕ್ಲೇವೆ ಎಂಬ ಊರಿನಲ್ಲಿ ಬೆಳೆದವನು. ಆ ತಲೆಮಾರಿನ ಅಸಂಖ್ಯ ಹುಡುಗರಂತೆ ಹಿಟ್ಲರನ ಯುವದಳದಲ್ಲಿದ್ದವನು. 1941ರಲ್ಲಿ ತಾನಾಗಿಯೇ ವಾಯುಪಡೆಗೆ ಸೇರಿದವನು. 1944ರ ಮಾರ್ಚ್ 16ರಂದು ಕ್ರಿಮಿಯಾದಲ್ಲಿ ಅವನಿದ್ದ ಬಾಂಬರ್ ವಿಮಾನ ನೆಲಕ್ಕಪ್ಪಳಿಸಿತು. ಚಾಲಕ ಸತ್ತ, ಈತ ಬದುಕಿಕೊಂಡ.

ಬದುಕಿಕೊಂಡ ಬಗೆಯನ್ನು ಬಾಯ್ಸ್ ಮುಂದೆ ಒಂದು ಕಥೆಯಾಗಿ ಹೇಳಿದ. ಹಿಮದಲ್ಲಿ ಬಿದ್ದಿದ್ದ ತನ್ನನ್ನು ತಾತಾರ್ ಜನ ಎತ್ತಿಕೊಂಡು ಹೋಗಿ, ಮೈಗೆ ಕೊಬ್ಬು ಸವರಿ, ಉಣ್ಣೆಯನ್ನು ಒತ್ತಿ ಮಾಡಿದ ದಪ್ಪನೆಯ ಫೆಲ್ಟಿನಲ್ಲಿ ಸುತ್ತಿ ಕಾಪಾಡಿದರೆಂದು ಆ ಕಥೆ. ಆದರೆ ಸೈನ್ಯದ ದಾಖಲೆಗಳು ಹೇಳುವುದೇ ಬೇರೆ: ಅವನನ್ನು ಹುಡುಕಿ ತಂದವರು ಜರ್ಮನ್ ಸೈನಿಕರು, ಮರುದಿನವೇ ಅವನು ಸೈನಿಕ ಆಸ್ಪತ್ರೆಯಲ್ಲಿದ್ದ.

ನಮ್ಮಲ್ಲಿಯೂ ಕವಿಗಳ ಸುತ್ತ ಐತಿಹ್ಯಗಳು ಬೆಳೆದಿವೆ. ಕುಮಾರವ್ಯಾಸನು ಮಿಂದು ಒದ್ದೆ ಬಟ್ಟೆಯಲ್ಲಿ ಕುಳಿತು, ಅದು ಆರುವವರೆಗೆ ಮಾತ್ರ ಬರೆಯುತ್ತಿದ್ದನೆಂಬುದನ್ನು ನಾನು ತರಗತಿಯಲ್ಲಿ ಸಂತೋಷದಿಂದಲೇ ಹೇಳಿದ್ದೇನೆ. ಆದರೆ ಅದನ್ನು ಕಟ್ಟಿದವರು ಕವಿಯನ್ನು ಪ್ರೀತಿಸಿದ ಜನ. ಇಲ್ಲಿ ಕಲಾವಿದ ತನ್ನ ಐತಿಹ್ಯವನ್ನು ತಾನೇ ಕಟ್ಟಿಕೊಂಡ. ಅದೂ ಪರರ ನೆಲಕ್ಕೆ ನುಗ್ಗಿದ ಸೈನ್ಯದಲ್ಲಿದ್ದುಕೊಂಡು. ಅವನನ್ನು ಕಾಪಾಡಿದರೆನ್ನಲಾದ ಆ ತಾತಾರರನ್ನೇ, ಅದೇ ವರ್ಷದ ಮೇ ತಿಂಗಳಲ್ಲಿ, ಸ್ಟಾಲಿನ್ ಸರ್ಕಾರ ಬುಡಸಹಿತ ಕಿತ್ತು ಮಧ್ಯ ಏಷ್ಯಾಕ್ಕೆ ಅಟ್ಟಿತು. ಕಥೆಯಲ್ಲಿ ಅವರ ಈ ಸಂಕಟಕ್ಕೆ ಎಡೆಯಿಲ್ಲ. ಇದನ್ನು ಮನ್ನಿಸಿಬಿಡುವುದು ನನ್ನಿಂದಾಗದು.

ಹಾಗೆಂದು ಅವನ ಕೆಲಸವನ್ನೆಲ್ಲ ತಳ್ಳಿಹಾಕಲೂ ಆಗದು. ಯುದ್ಧಾನಂತರದ ಜರ್ಮನಿ ಕಾರ್ಖಾನೆಗಳನ್ನು ಕಟ್ಟಿಕೊಂಡಿತು, ಸಿರಿವಂತವಾಯಿತು. ನಡೆದುಹೋದದ್ದರ ಬಗ್ಗೆ ಮಾತ್ರ ಬಹುಕಾಲ ತುಟಿ ಬಿಚ್ಚಲಿಲ್ಲ. ಆ ಮೌನದ ನಡುವೆ ಬಾಯ್ಸ್ ಕೊಬ್ಬನ್ನೂ ಫೆಲ್ಟನ್ನೂ ತಂದಿಟ್ಟ. ಕೊಬ್ಬು ಬಿಸಿಗೆ ಕರಗುತ್ತದೆ, ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ಫೆಲ್ಟು ಶಾಖವನ್ನು ಕಾಯುತ್ತದೆ, ಸದ್ದನ್ನು ನುಂಗುತ್ತದೆ. ಹೆಪ್ಪುಗಟ್ಟಿದ ಸಮಾಜವೊಂದರ ವಿಷಯವಾಗಿ ಹೇಳಬೇಕಾದುದನ್ನು ಈ ವಸ್ತುಗಳೇ ಹೇಳಿದವು. 1965ರ ನವೆಂಬರ್ 26ರಂದು ಡ್ಯೂಸೆಲ್ಡಾರ್ಫ್‌ನ ಗ್ಯಾಲರಿಯೊಂದರಲ್ಲಿ, ಬಾಗಿಲು ಮುಚ್ಚಿಕೊಂಡು, ನೋಡಬಂದವರನ್ನು ಹೊರಗೆ ನಿಲ್ಲಿಸಿ, ಮೊಲವನ್ನು ಚಿತ್ರದಿಂದ ಚಿತ್ರಕ್ಕೆ ಒಯ್ದು ಪಿಸುಗುಟ್ಟಿದ. ಎಲ್ಲವನ್ನೂ ವಿವರಿಸಿ ಮುಗಿಸುವ ಪಂಡಿತರಿಗಿಂತ ಸತ್ತ ಮೊಲವೇ ಹೆಚ್ಚು ಬಲ್ಲದು ಎಂಬುದು ಅವನ ಇಂಗಿತ. ಆ ಪಂಡಿತರಲ್ಲಿ ನಾನೂ ಒಬ್ಬನೆಂದು ಆಮೇಲೆ ಹೊಳೆಯಿತು.

ವಸ್ತುವನ್ನೇ ಮಾತಾಡಿಸುವ ಈ ದಾರಿ ನಮ್ಮವರಿಗೆ ಹೊರತಲ್ಲ. ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿದ ಶೀಲಾ ಗೌಡ ಅವರು 1990ರ ದಶಕದಲ್ಲಿ ಬಣ್ಣವನ್ನು ಬದಿಗಿಟ್ಟು ಸಗಣಿಯನ್ನು ಕೈಗೆತ್ತಿಕೊಂಡರು. 2007ರಲ್ಲಿ ಜರ್ಮನಿಯ ಕಾಸೆಲ್ ನಗರದ ಡಾಕ್ಯುಮೆಂಟಾ ಪ್ರದರ್ಶನದಲ್ಲಿ ಅವರು ಇಟ್ಟದ್ದು ಧೂಪ ಉರಿದು ಉಳಿದ ಬೂದಿಯನ್ನು.

1961ರಿಂದ ಬಾಯ್ಸ್ ಡ್ಯೂಸೆಲ್ಡಾರ್ಫ್‌ನ ಕಲಾ ಅಕಾಡೆಮಿಯಲ್ಲಿ ಪ್ರಾಧ್ಯಾಪಕನಾಗಿದ್ದ. ಪ್ರತಿಯೊಬ್ಬ ಮನುಷ್ಯನೂ ಕಲಾವಿದನೇ ಎಂದು ಸಾರುತ್ತಿದ್ದ. ಎಲ್ಲರೂ ಕುಂಚ ಹಿಡಿಯಬೇಕೆಂದಲ್ಲ; ಯಾವ ಕೆಲಸದಲ್ಲಾದರೂ ಲೋಕವನ್ನು ತಿದ್ದುವ ಸೃಷ್ಟಿಶಕ್ತಿ ಇರಬಲ್ಲದೆಂದು ಅರ್ಥ. ಮಡಿವಾಳ ಮಾಚಯ್ಯನೂ ಅಂಬಿಗರ ಚೌಡಯ್ಯನೂ ವಚನ ನುಡಿದ ನಾಡಿಗೆ ಈ ಮಾತು ಅಪರಿಚಿತವಾಗಬೇಕಾಗಿಲ್ಲ. ಪ್ರವೇಶ ಸಿಗದ ವಿದ್ಯಾರ್ಥಿಗಳನ್ನೆಲ್ಲ ತನ್ನ ತರಗತಿಗೆ ಸೇರಿಸಿಕೊಳ್ಳುವೆನೆಂದು ಹಟ ಹಿಡಿದ ಬಾಯ್ಸ್, ಅವರೊಡನೆ ಅಕಾಡೆಮಿಯ ಕಚೇರಿಯಲ್ಲಿಯೇ ಠಿಕಾಣಿ ಹೂಡಿದ. 1972ರ ಅಕ್ಟೋಬರಿನಲ್ಲಿ ಸರ್ಕಾರ ಅವನನ್ನು ಕೆಲಸದಿಂದ ವಜಾ ಮಾಡಿತು.

ನಾನೂ ಪ್ರವೇಶ ಸಮಿತಿಯಲ್ಲಿ ಕುಳಿತವನೇ. ಎರಡು ಅಂಕ ಕಡಿಮೆಯೆಂದು ನಾವು ಹಿಂದಕ್ಕೆ ಕಳುಹಿಸಿದ ಹುಡುಗಿಯೊಬ್ಬಳು ಮರುಮಾತಾಡದೆ ಅರ್ಜಿಯನ್ನು ನಾಲ್ಕಾಗಿ ಮಡಿಸಿ ಚೀಲಕ್ಕೆ ಹಾಕಿಕೊಂಡು ಹೋದಳು. ನಿಯಮದ ಪ್ರಕಾರ ನಾನು ಮಾಡಿದ್ದು ಸರಿ. ನಿಯಮವನ್ನೇ ಪ್ರಶ್ನಿಸಬಹುದೆಂಬುದು ಮಾತ್ರ ಆ ದಿನ ನನಗೆ ಹೊಳೆಯಲಿಲ್ಲ.

ಬಾಯ್ಸ್‌ನ ಕೊನೆಯ ದೊಡ್ಡ ಕೆಲಸ ನಡೆದದ್ದು ಅದೇ ಕಾಸೆಲ್‌ನಲ್ಲಿ. 1943ರ ಅಕ್ಟೋಬರಿನ ಬಾಂಬ್ ದಾಳಿಯಲ್ಲಿ ಸುಟ್ಟುಹೋಗಿದ್ದ ಊರು ಅದು. 1982ರಲ್ಲಿ ಅಲ್ಲಿನ ವಸ್ತುಸಂಗ್ರಹಾಲಯದ ಮುಂದೆ 7000 ಕಪ್ಪುಗಲ್ಲಿನ ಕಂಬಗಳನ್ನು ರಾಶಿ ಹಾಕಿಸಿದ. ಊರಿನವರು ಸಿಡಿಮಿಡಿಗೊಂಡರು. ಅವನ ಷರತ್ತು ಇಷ್ಟೆ: ಒಂದು ಗಿಡ ನೆಟ್ಟರೆ ಅದರ ಪಕ್ಕಕ್ಕೆ ಒಂದು ಕಲ್ಲು ಹೋಗುತ್ತದೆ; 7000 ಗಿಡ ನೆಟ್ಟ ದಿನ ರಾಶಿ ಕರಗುತ್ತದೆ. ಒಂದು ಗಿಡಕ್ಕೆ 500 ಮಾರ್ಕಿನಂತೆ ಜನ ಹಣ ಕೊಟ್ಟರು. 1986ರ ಜನವರಿಯಲ್ಲಿ ಬಾಯ್ಸ್ ತೀರಿಕೊಂಡಾಗ ರಾಶಿ ಇನ್ನೂ ಉಳಿದಿತ್ತು. 1987ರಲ್ಲಿ ಅವನ ಮಗ ಕೊನೆಯ ಗಿಡವನ್ನು ನೆಟ್ಟ. ನೆಡುವಾಗ ಕಲ್ಲಿಗಿಂತ ಗಿಡ ಚಿಕ್ಕದು. ಇಂದು ಕಲ್ಲು ಮರದ ಬುಡದಲ್ಲಿದೆ. ಬಾಂಬು ಹೊತ್ತ ವಿಮಾನದಲ್ಲಿ ಹಾರಿದ್ದವನು, ಬಾಂಬಿಗೆ ಉರಿದ ಊರಿಗೆ ನೆರಳು ಕೊಟ್ಟ. ಕಥೆ ಕಟ್ಟಿ ತೀರಿಸಲಾಗದ ಋಣವನ್ನು ಅವನು ಹೀಗೆ ಒಂದಿಷ್ಟಾದರೂ ತೀರಿಸಿದನೆಂದು ನನಗನ್ನಿಸುತ್ತದೆ.

ಇದನ್ನೆಲ್ಲ ಓದಿದ ಮೇಲೆ ಒಂದು ಬೆಳಿಗ್ಗೆ ನಮ್ಮ ಮಾಗಡಿ ರಸ್ತೆಯಲ್ಲಿ ಬಸ್ಸು ಹಿಡಿದು ಮಾಗಡಿಗೆ, ಅಲ್ಲಿಂದ ಕುದೂರಿಗೆ ಹೋದೆ. ಕುದೂರಿಗೂ ಹುಲಿಕಲ್ಲಿಗೂ ನಡುವಣ ರಸ್ತೆಯಲ್ಲಿ, ಮಕ್ಕಳಿಲ್ಲದ ತಿಮ್ಮಕ್ಕ, ಚಿಕ್ಕಯ್ಯ ದಂಪತಿಗಳು ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಆಲದ ಸಾಲಿದೆ. ಅಲ್ಲಿ ಸಿದ್ಧಾಂತವೂ ಇಲ್ಲ, ಪ್ರದರ್ಶನವೂ ಇಲ್ಲ. ದಾರಿಹೋಕರು ನೆರಳಿನಲ್ಲಿ ಸೈಕಲ್ಲು ನಿಲ್ಲಿಸಿ ಬೆವರು ಒರೆಸಿಕೊಳ್ಳುತ್ತಿದ್ದರು. ನಾನೂ ಒಂದು ಮರದ ಬುಡದಲ್ಲಿ ಬಹಳ ಹೊತ್ತು ಕುಳಿತಿದ್ದೆ. ಆ ವಿದ್ಯಾರ್ಥಿ ಮತ್ತೆ ಮನೆಗೆ ಬಂದರೆ, ಮೊಲದ ಚಿತ್ರವನ್ನು ಇನ್ನೊಮ್ಮೆ ತೋರಿಸಪ್ಪಾ ಎಂದು ಕೇಳಬೇಕೆಂದಿದ್ದೇನೆ.