ಇದ್ದಲಿನ ಹುಟ್ಟು

ಗದುಗಿನ ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸನು ಮಿಂದು, ಒದ್ದೆ ಬಟ್ಟೆಯಲ್ಲೇ ಕುಳಿತು, ಅದು ಆರುವವರೆಗೆ ಭಾರತವನ್ನು ಹಾಡುತ್ತಿದ್ದನೆಂದು ಐತಿಹ್ಯ. ತರಗತಿಯಲ್ಲಿ ಇದನ್ನು ಹೇಳಿದಾಗಲೆಲ್ಲ, ಕಥೆ ಸೊಗಸಾದದ್ದು, ಚರಿತ್ರೆ ಬೇರೆ ಎಂದು ಸೇರಿಸುವುದು ನನ್ನ ವಾಡಿಕೆ. ಅಂಥ ನಾನೇ ಒಂದು ವಿದ್ಯಾರ್ಥಿಸಭೆಯಲ್ಲಿ ವಿಜ್ಞಾನದ ಐತಿಹ್ಯವೊಂದನ್ನು ಚರಿತ್ರೆಯೆಂದು ಹೇಳಿ ಚಪ್ಪಾಳೆ ಪಡೆದೆ. ಆ ತಪ್ಪನ್ನು ಇಲ್ಲಿ ತಿದ್ದಿಕೊಳ್ಳಬೇಕಾಗಿದೆ.

ಸೂರ್ಯನು ಏತರಿಂದ ಉರಿಯುತ್ತಾನೆ? ಜಲಜನಕದ ಪರಮಾಣುಗಳು ಕೂಡಿ ಹೀಲಿಯಂ ಆಗುವುದರಲ್ಲಿ ಆ ಶಕ್ತಿಯ ಮೂಲವಿರಬಹುದೆಂದು 1920ರಲ್ಲಿ ಎಡಿಂಗ್ಟನ್ನರು ಸೂಚಿಸಿದರು. 1939ರಲ್ಲಿ ಹಾನ್ಸ್ ಬೆಥೆಯವರು ಅದರ ಹಾದಿಯನ್ನು ಲೆಕ್ಕ ಹಾಕಿ ತೋರಿಸಿದರು. ಆದರೆ ಹೀಲಿಯಮಿನಿಂದ ಮುಂದಕ್ಕೆ? ಎರಡು ಹೀಲಿಯಂ ಬೀಜಗಳು ಸೇರಿ ಆಗುವ ಬೆರಿಲಿಯಂ ಹುಟ್ಟಿದ ಕ್ಷಣವೇ ಒಡೆದುಹೋಗುತ್ತದೆ. ಅದರ ಆಯುಷ್ಯದ ಮುಂದೆ ಕಣ್ಣೆವೆ ಇಕ್ಕುವ ಹೊತ್ತು ಒಂದು ಯುಗ. ಅಷ್ಟರಲ್ಲಿ ಮೂರನೆಯ ಹೀಲಿಯಂ ಬಂದು ತಗುಲಿದರೆ ಮಾತ್ರ ಇಂಗಾಲ, ಎಂದರೆ ನಮ್ಮ ಒಲೆಯ ಇದ್ದಲಿನ ಮೂಲವಸ್ತು, ಹುಟ್ಟಬೇಕು. ಹುಟ್ಟಿದ ಇಂಗಾಲವೂ ಇನ್ನೊಂದು ಹೀಲಿಯಮನ್ನು ನುಂಗಿ ಆಮ್ಲಜನಕವಾಗಿಬಿಡುತ್ತದೆ.

ಹಾಗಾದರೆ ಜಗತ್ತಿನಲ್ಲಿ ಇಷ್ಟೊಂದು ಇಂಗಾಲ ಉಳಿದದ್ದು ಹೇಗೆ? ಇಂಗಾಲದ ಬೀಜಕ್ಕೆ ಸುಮಾರು 77 ಲಕ್ಷ ಎಲೆಕ್ಟ್ರಾನ್ ವೋಲ್ಟುಗಳಷ್ಟು ಎತ್ತರದಲ್ಲಿ ಒಂದು ಶಕ್ತಿಸ್ತರವಿದ್ದರೆ ಆ ಕೂಡಿಕೆಯ ವೇಗ ಎಷ್ಟೋ ಪಟ್ಟು ಹೆಚ್ಚುತ್ತದೆ. ಆದ್ದರಿಂದ ಅದು ಇರಲೇಬೇಕೆಂದರು ಇಂಗ್ಲೆಂಡಿನ ಫ್ರೆಡ್ ಹಾಯ್ಲರು. 1953ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ, ವಿಲಿಯಂ ಫೌಲರರ ಕೆಲಾಗ್ ಪ್ರಯೋಗಶಾಲೆಗೆ ಹೋಗಿ ಅದನ್ನು ಹುಡುಕಿರೆಂದು ಕೇಳಿದರು. ಫೌಲರರು ಮೊದಲು ನಂಬಲಿಲ್ಲ. ವಾರ್ಡ್ ವೇಲಿಂಗರೂ ಅವರ ಸಂಗಡಿಗರೂ ಸಾರಜನಕಕ್ಕೆ ಭಾರಜಲಜನಕದ ಬೀಜಗಳನ್ನು ಬಡಿಸಿ, ಹೊರಬಿದ್ದ ಕಣಗಳ ಶಕ್ತಿಯನ್ನು ಅಳೆದರು. ಸ್ತರ ಸಿಕ್ಕಿತು: 76.8 ಲಕ್ಷ.

"ನಾನು ಬದುಕಿದ್ದೇನೆ, ನನ್ನ ಮೈಯಲ್ಲಿ ಇಂಗಾಲವಿದೆ, ಆದ್ದರಿಂದ ಆ ಸ್ತರವೂ ಇರಬೇಕು" ಎಂದು ಹಾಯ್ಲರು ತರ್ಕಿಸಿದರೆಂಬುದೇ ನಾನು ಹೇಳಿದ ಕಥೆ. ಚರಿತ್ರಕಾರರು ಹುಡುಕಿದರೆ ಅವರ ಅಂದಿನ ಲೇಖನಗಳಲ್ಲಿ ಜೀವದ ಮಾತೇ ಇಲ್ಲ. ಅಲ್ಲಿರುವುದು ಹೀಲಿಯಂ, ಇಂಗಾಲ, ಆಮ್ಲಜನಕಗಳ ಪ್ರಮಾಣದ ಲೆಕ್ಕ. ಜೀವದ ನಂಟು ಅಂಟಿಕೊಂಡದ್ದು ದಶಕಗಳ ಮೇಲೆ. ಅಷ್ಟೇ ಅಲ್ಲ, ಅಂಥ ಸ್ತರವನ್ನು ಹಿಂದೆಯೇ ಒಂದು ಪ್ರಯೋಗ ಸೂಚಿಸಿತ್ತು. ಬಳಿಕ ಇನ್ನೊಂದರಲ್ಲಿ ಅದು ಕಾಣದೆ ಸಂದೇಹಕ್ಕೀಡಾಗಿತ್ತು. ಇದರಿಂದ ಹಾಯ್ಲರ ಹಿರಿಮೆ ಕುಂದುವುದಿಲ್ಲ. ಆದರೆ ಇದೆಯೋ ಇಲ್ಲವೋ ಎಂಬ ವ್ಯಾಜ್ಯವನ್ನು ತೀರಿಸಿದ್ದು ಊಹೆಯಲ್ಲ, ಅಳತೆ.

ಅಳತೆ ಅಲ್ಲಿಗೂ ಮುಗಿಯಲಿಲ್ಲ. ಸ್ತರವಿದ್ದರೆ ಸಾಲದು, ಮೂರು ಹೀಲಿಯಂಗಳಿಂದ ಅದು ಆಗಬಲ್ಲುದೆಂದೂ ತೋರಿಸಬೇಕು. ಬೋರಾನಿನಿಂದ ಆ ಸ್ತರದ ಇಂಗಾಲವನ್ನು ಪಡೆದು, ಅದು ಮೂರು ಹೀಲಿಯಂಗಳಾಗಿ ಒಡೆಯುವುದನ್ನು ಫೌಲರರೂ ಸಂಗಡಿಗರೂ 1957ರಲ್ಲಿ ಕಂಡರು. ಹಾಗೆ ಒಡೆಯುವುದು ಹಾಗೆಯೇ ಕೂಡಲೂ ಬಲ್ಲುದಷ್ಟೆ! ಅದೇ ವರ್ಷ ಬರ್ಬಿಜ್ ದಂಪತಿಗಳು, ಫೌಲರ್, ಹಾಯ್ಲ್ ನಾಲ್ವರೂ ಸೇರಿ, ಮೂಲವಸ್ತುಗಳು ನಕ್ಷತ್ರಗಳಲ್ಲಿ ಹುಟ್ಟುವ ಬಗೆಯನ್ನು ಕುರಿತು ಹೆಸರಾಂತ ಪ್ರಬಂಧವನ್ನು ಬರೆದರು.

1983ರ ನೊಬೆಲ್ ಬಹುಮಾನ ಫೌಲರರಿಗೂ ನಮ್ಮ ದೇಶದಲ್ಲಿ ಓದಿ ಬೆಳೆದ ಚಂದ್ರಶೇಖರರಿಗೂ ಹಂಚಿಕೆಯಾಯಿತು. ಹಾಯ್ಲರಿಗೆ ಬರಲಿಲ್ಲವೆಂದು ಅನೇಕರು ಇಂದಿಗೂ ಮರುಗುತ್ತಾರೆ, ಮರುಗುವುದು ನ್ಯಾಯವೇ. ವೇಲಿಂಗರಿಗಾಗಿ ಮರುಗಿದವರನ್ನು ಮಾತ್ರ ನಾನು ಕಾಣೆ.

ಇಂಗಾಲವು ಆಮ್ಲಜನಕವಾಗುವ ವೇಗ ಎಷ್ಟೆಂಬುದು ಇಂದಿಗೂ ಸಾಕಷ್ಟು ಖಚಿತವಾಗಿಲ್ಲ. ಇಂಥ ಮಂದಕ್ರಿಯೆಗಳ ವೇಗವನ್ನು ಹಿಡಿಯಲು ಇಟಲಿಯ ಗ್ರಾನ್ ಸಾಸೊ ಬೆಟ್ಟದಡಿ, 1400 ಮೀಟರ್ ಬಂಡೆಯ ಮರೆಯಲ್ಲಿ ಕುಳಿತು ಎಣಿಸುವವರಿದ್ದಾರೆ. ಅಲ್ಲಿ ಒಂದು ಪ್ರಯೋಗದಲ್ಲಿ ತಿಂಗಳಿಗೆ ಎರಡೇ ಘಟನೆಗಳು ದೊರೆತದ್ದುಂಟು. ಮುಂದಿನ ವಿದ್ಯಾರ್ಥಿಸಭೆಯಲ್ಲಿ ಆ ಎರಡಕ್ಕಾಗಿ ಕಾದವರ ಮಾತು ಹೇಳುತ್ತೇನೆ. ಚಪ್ಪಾಳೆ ಕಡಮೆಯಾದರೂ ಚಿಂತೆಯಿಲ್ಲ.