ರಾಯಣ್ಣನ ಪಾತ್ರಕ್ಕೆ ಉಡುಪು

ಮಳೆ ಕೈಕೊಟ್ಟ ವರ್ಷವೂ ನಮ್ಮ ಯಳವಿಯ ಸುತ್ತಲಿನ ಹಳ್ಳಿಗಳಲ್ಲಿ ನಾಟಕದ ಹುರುಪು ಕಡಿಮೆಯಾಗುವದಿಲ್ಲ. ಮಾತು ಕಲಿಯಲಿಕ್ಕೆ ಎರಡು ತಿಂಗಳು ಹಿಡಿಯುತ್ತದೆ. ಉಡುಪಿನ ವಿಚಾರಕ್ಕೆ ಮಾತ್ರ ಒಂದು ಸಂಜೆಯೂ ದೊರೆಯುವದಿಲ್ಲ. ಬಾಡಿಗೆಯ ಟ್ರಂಕು ಬರುತ್ತದೆ. ಯಾರ ಮೈಗೆ ಯಾವದು ಹಿಡಿಸಿತೋ ಅದೇ ಅವರ ವೇಷ. ಹೀಗೆಯೇ ಒಮ್ಮೆ ಸಂಗೊಳ್ಳಿ ರಾಯಣ್ಣನ ಪಾತ್ರದ ತರುಣನೊಬ್ಬನು ಮಖಮಲ್ಲಿನ ಕೋಟು, ಜರಿಯ ಪಟಕ, ತುರಾಯಿ, ಕೊರಳಲ್ಲಿ ನಾಲ್ಕೆಳೆ ಮುತ್ತಿನ ಸರ, ಕಾಲಲ್ಲಿ ಬೂಟು ತೊಟ್ಟು ರಂಗಕ್ಕೆ ಬಂದನು. ಪಕ್ಕದಲ್ಲಿ ಕುಳಿತಿದ್ದ ಮುದುಕರೊಬ್ಬರು ನನ್ನತ್ತ ಬಾಗಿ ಕೇಳಿದರು: “ಇಂವ ಯಾವ ಊರ ರಾಜಾ ಅದಾನೋ ತಮ್ಮಾ?” ನನಗೆ ಉತ್ತರ ಹೊಳೆಯಲಿಲ್ಲ. ಈ ಲೇಖನವು ಆ ಪ್ರಶ್ನೆಯಿಂದಲೇ ಹುಟ್ಟಿದೆ.

ಆ ಟ್ರಂಕಿಗೂ ಒಂದು ಇತಿಹಾಸವುಂಟು. ಕರಾವಳಿಯ ಕರ್ಕಿಯ ಯಕ್ಷಗಾನ ಮೇಳವು ಸಾಂಗಲಿಗೆ ಬಂದು ಆಡಿದ ಆಟವನ್ನು ಕಂಡ ಅಲ್ಲಿಯ ಅರಸರಾದ ಚಿಂತಾಮಣರಾವ ಪಟವರ್ಧನರು, ಮರಾಠಿಯಲ್ಲಿಯೂ ಅಂಥದನ್ನು ಕಟ್ಟಬೇಕೆಂದು ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ ಸಾಂಗಲಿಯಲ್ಲಿ ‘ಸೀತಾ ಸ್ವಯಂವರ’ವು ರಂಗವೇರಿತು. ಮುಂದೆ ಮರಾಠಿ ಕಂಪನಿಗಳ ಪ್ರಭಾವವನ್ನು ಕಂಡ ಶಾಂತಕವಿಗಳು ಗದಗಿನಲ್ಲಿ ಕನ್ನಡದ ನಾಟಕ ಮಂಡಳಿಯನ್ನು ಕಟ್ಟಿದರು. ಹೀಗೆ ಕೊಟ್ಟದ್ದೂ ಪಡೆದದ್ದೂ ಎರಡೂ ಕಡೆಗೆ ಉಂಟು. ಈ ರಂಗದ ಮೇಲೆ ಮೊದಲು ಮೆರೆದವರು ಪುರಾಣದ ಅರಸರು ಮತ್ತು ದೇವತೆಗಳು. ಮಂಕು ದೀಪದ ಬೆಳಕಿನಲ್ಲಿ ಹಿಂದೆ ಕುಳಿತವರಿಗೂ ಕಾಣಬೇಕಾದರೆ ಜರಿಯ ಮಿಂಚು ಅವಶ್ಯವಾಗಿತ್ತು. ಬಳಿಕ ಐತಿಹಾಸಿಕ ನಾಟಕಗಳು ಬಂದವು. ಟ್ರಂಕು ಮಾತ್ರ ಬದಲಾಗಲಿಲ್ಲ.

ಆದರೆ ರಾಯಣ್ಣನು ಅರಸನಲ್ಲ. 1798ರಲ್ಲಿ ಸಂಗೊಳ್ಳಿಯ ಕುರುಬರ ಮನೆಯಲ್ಲಿ ಹುಟ್ಟಿದವನು. ಊರ ವಾಲಿಕಾರಿಕೆ ಅವನ ಮನೆತನದ ಕೆಲಸ. 1824ರ ಕಿತ್ತೂರಿನ ಕಾಳಗದಲ್ಲಿ ಅವನಿಗೆ ಇಪ್ಪತ್ತಾರರ ಪ್ರಾಯ. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದಾಗ ಮೂವತ್ತೆರಡು. ಆದುದರಿಂದ ಹುರಿ ಮೀಸೆ ಇರಲಿ, ಮುಖ ಮುಚ್ಚುವ ಅಂಟುಗಡ್ಡ ಬೇಡ. ಕಿತ್ತೂರು ಬಿದ್ದ ಮೇಲೆ ಅವನು ಕಾಡಿನಲ್ಲಿ ಪಡೆಯನ್ನು ಕೂಡಿಸಿ, ಇರುಳಿನಲ್ಲಿ ನಡೆದು, ಸರಕಾರದ ಕಚೇರಿಗಳಿಗೆ ಬೆಂಕಿ ಹಚ್ಚಿದವನು. ಮಖಮಲ್ಲಿನ ಕೋಟು ತೊಟ್ಟು ಮುಳ್ಳುಕಂಟಿಯಲ್ಲಿ ನುಸುಳಿದವರನ್ನು ಯಾರಾದರೂ ಕಂಡಿರುವರೇ? ಇಂದು ಗೋಡೆಯ ಮೇಲೆ ಕಾಣುವ ಅವನ ಚಿತ್ರಗಳನ್ನು ಪ್ರಮಾಣವೆನ್ನಲಾಗದು. ಛಾಯಾಚಿತ್ರದ ಕಲೆ ಲೋಕಕ್ಕೆ ತಿಳಿದದ್ದೇ 1839ರಲ್ಲಿ.

ಹಾಗಾದರೆ ಏನು ತೊಡಿಸಬೇಕು? ಆ ಕಾಲದ ನಮ್ಮ ಸೀಮೆಯ ದುಡಿಯುವ ಗಂಡಸು ತೊಡುತ್ತಿದ್ದುದನ್ನು. ಮೊದಲನೆಯದು ದೋತರ. ಮುಂಬಯಿಯಲ್ಲಿ ಬಟ್ಟೆಯ ಗಿರಣಿ ತೆರೆದದ್ದು 1850ರ ದಶಕದಲ್ಲಿ. ಅದಕ್ಕಿಂತ ಮುಂಚಿನದು ಕೈನೂಲು, ಕೈಮಗ್ಗ. ದಪ್ಪ ಖಾದಿಯನ್ನು ತಂದು ಮೊಳಕಾಲ ಮೇಲಕ್ಕೆ ಬಿಗಿಯಾಗಿ ಕಚ್ಚೆ ಹಾಕಿದರೆ ಸಾಕು. ಮೈಗೆ ಗುಂಡಿಯ ಅಂಗಿ ಬೇಡ. ಲಾಡಿಯಿಂದ ಕಟ್ಟುವ ಬಾರಾಬಂದಿ ಹೊಲಿಸಿರಿ. ತಲೆಗೆ ರುಮಾಲು. ಇದರ ಬಣ್ಣದಲ್ಲಿಯೂ ಎಚ್ಚರ ಬೇಕು: ಕಣ್ಣು ಕುಕ್ಕುವ ಗುಲಾಬಿ, ನೇರಳೆ ಬಣ್ಣಗಳು 1856ರಲ್ಲಿ ಕೃತಕ ಬಣ್ಣವನ್ನು ಕಂಡುಹಿಡಿದ ತರುವಾಯದವು. ಬಿಳಿಯದಿರಲಿ, ಇಲ್ಲವೆ ಮಂಜಿಷ್ಠದಂಥ ಮಂದ ಕೆಂಪು ಇರಲಿ. ಕಾಲಿಗೆ ನೆರೆಯ ಅಥಣಿಯ ತೊಗಲಿನ ಕೆರವು ಒಪ್ಪುತ್ತದೆ. ಕೈಗಡಿಯಾರವನ್ನು ಕಳಚಿಡಲು ಮರೆಯಬಾರದು. ಎಷ್ಟೋ ನಾಟಕಗಳು ಅಲ್ಲಿಯೇ ಎಡವುತ್ತವೆ.

ಎಲ್ಲಕ್ಕೂ ಮಿಗಿಲಾದದ್ದು ಕರಿಯ ಕಂಬಳಿ. ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ, ಮಲಗಲು ಹಾಸಿಗೆ, ಹೆಗಲ ಮೇಲೆ ಮಡಿಚಿಟ್ಟರೆ ಅರ್ಧ ಡಾಲು. ನಮ್ಮ ತಾಲೂಕು ಕುರಿಗೆ ಹೆಸರಾದದ್ದು. ಮಾಡಗ್ಯಾಳದ ಕುರಿಯನ್ನು ದೂರದವರೂ ಬಲ್ಲರು. ಆದರೆ ಮೈಮೇಲೆ ಕಂದು ಮಚ್ಚೆಯ ಆ ಬಿಳಿ ಕುರಿಯಿಂದ ಈ ಕಂಬಳಿಯಾಗದು; ಇದಕ್ಕೆ ದಖ್ಖನಿ ಕುರಿಯ ಕರಿಯ ಉಣ್ಣೆಯೇ ಬೇಕು. ಹೆಣ್ಣುಮಕ್ಕಳು ನೂತ ನೂಲನ್ನು ಕುಣಿಮಗ್ಗದಲ್ಲಿ ನೇಯ್ದು, ಹುಣಸೆಬೀಜದ ಗಂಜಿಯಿಂದ ಬಿಗಿಗೊಳಿಸುವರು. ಇದಕ್ಕೆ ಬಾಡಿಗೆಯಿಲ್ಲ; ಹಟ್ಟಿಗೆ ಹೋಗಿ ಕೇಳಿದರೆ ದೊರೆಯುತ್ತದೆ. ಕನ್ನಡ ಮಾತಾಡುವ ಕುರುಬನ ಹೆಗಲಿಗೂ ಮರಾಠಿ ಮಾತಾಡುವ ಧನಗರನ ಹೆಗಲಿಗೂ ಅದೇ ಕಂಬಳಿ ಎಂಬದನ್ನು ಇಲ್ಲಿ ಹೇಳದಿರಲಾರೆ.

ಕರಿಯ ಕಂಬಳಿಯ ನಾಯಕನು ರಂಗದ ಮೇಲೆ ಎದ್ದು ಕಾಣುವದಿಲ್ಲವೆಂದು ಆಕ್ಷೇಪಿಸುವವರುಂಟು. ಟ್ರಂಕನ್ನು ಪೂರಾ ಹಿಂದಿರುಗಿಸಬೇಕೆಂದು ನಾನು ಹೇಳಲಾರೆ. ಕಿತ್ತೂರು ಸಿರಿವಂತ ಸಂಸ್ಥಾನ. ರಾಣಿ ಚನ್ನಮ್ಮನ ದರಬಾರಿಗೆ ಜರಿ, ಮುತ್ತು ಎಲ್ಲವೂ ಸಲ್ಲುತ್ತವೆ. ಅಷ್ಟು ಹೊಳಪಿನ ನಡುವೆ ಕಂಬಳಿಯೊಂದು ನಡೆದುಬಂದರೆ ಸಭೆಯ ಕಣ್ಣು ತಾನಾಗಿ ಅದರತ್ತ ಹೊರಳುತ್ತದೆ. ಥ್ಯಾಕರೆಗೆ ಕೆಂಪು ಸೈನಿಕ ಕೋಟು ತೊಡಿಸುವದೂ ತಪ್ಪೇ. ಅವನು ಧಾರವಾಡದ ಕಲೆಕ್ಟರ. ರಾಯಣ್ಣನನ್ನು ಹಿಡಿಯಲು ಖಾಕಿಯ ಪೋಲೀಸರು ಬರುವದಂತೂ ನಗೆಗೀಡು. ಖಾಕಿ ಮೊದಲು ಕಂಡದ್ದು 1840ರ ದಶಕದ ಕೊನೆಗೆ, ದೂರದ ಪಂಜಾಬದ ಗಡಿಯ ದಳದಲ್ಲಿ. 1830ರ ಎಪ್ರಿಲಿನಲ್ಲಿ ಹಳ್ಳದಲ್ಲಿ ಸ್ನಾನಕ್ಕಿಳಿದಾಗ ತನ್ನವರೇ ಅವನನ್ನು ಹಿಡಿದುಕೊಟ್ಟರೆಂದು ಲಾವಣಿಗಳು ಹೇಳುತ್ತವೆ. ಆ ದೃಶ್ಯದಲ್ಲಿ ಅವನಿಗೆ ಲಂಗೋಟಿಯೊಂದೇ ಉಡುಪು. ಕಂಬಳಿ, ಕತ್ತಿ ದಡದ ಮೇಲಿರಬೇಕು.

ಮರುವರ್ಷ ಅದೇ ತರುಣನಿಗೆ ಅದೇ ಪಾತ್ರ ಬಂದಿತು. ದೋತರ, ಬಾರಾಬಂದಿ ಸಿದ್ಧವಾದವು. ಆದರೆ ರುಮಾಲು ಸುತ್ತುವ ಕೈ ನಮ್ಮ ತಂಡದಲ್ಲಿ ಒಂದೂ ಇರಲಿಲ್ಲ. ಮೂರು ಸಲ ಸುತ್ತಿದೆವು, ಮೂರು ಸಲವೂ ಜಾರಿತು. ಕೊನೆಗೆ ಆ ಮುದುಕರನ್ನೇ ಕರೆತಂದೆವು. ಅವರು ತಮ್ಮ ಹೆಗಲ ಕಂಬಳಿಯನ್ನು ಹುಡುಗನ ಹೆಗಲಿಗೆ ಹಾಕಿ, ಅವನನ್ನು ಎದುರಿಗೆ ಕುಳ್ಳಿರಿಸಿಕೊಂಡು, “ತಲಿ ಅಳ್ಳಾಡಿಸಬ್ಯಾಡೋ ಮಗನ” ಎನ್ನುತ್ತ ರುಮಾಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದರು.